ಸಾರ್‌ನ ಕಳಿಸಿ ಮೇಡಂ

ಕಾರಿನ ಒಳದೀಪ ಹತ್ತುತ್ತಿಲ್ಲವೆಂದು ಹೆಂಗಸೊಬ್ಬಳು ಗ್ಯಾರೇಜಿಗೆ ಹೋದರೆ ಅವಳಿಗೆ ಸಿಗುವ ಮೊದಲ ಉತ್ತರ, 'ಸಾರ್‌ನ ಕಳಿಸಿ ಮೇಡಂ' ಎಂಬುದು. ಕಾರು ಅವಳ ಹೆಸರಿನಲ್ಲಿರಬಹುದು, ಸಾಲದ ಕಂತು ಅವಳ ಸಂಬಳದಿಂದಲೇ ಹೋಗುತ್ತಿರಬಹುದು, ದಿನಾ ಓಡಿಸುವವಳೂ ಅವಳೇ ಇರಬಹುದು. ಅದ್ಯಾವುದೂ ಲೆಕ್ಕಕ್ಕಿಲ್ಲ. ಸಾರ್ ಬರಬೇಕು. ಸರಿ, ಭಾನುವಾರ ಸಾರ್ ಬರುತ್ತಾರೆ. ಬಾನೆಟ್ಟಿನ ಮೇಲೆ ಒಂದು ಕೈ ಇಟ್ಟುಕೊಂಡು ನಿಲ್ಲುತ್ತಾರೆ. ಮೆಕ್ಯಾನಿಕ್ 'ವೈರಿಂಗ್ ಶಾರ್ಟ್ ಆಗಿದೆ ಸಾರ್' ಅನ್ನುತ್ತಾನೆ. ಸಾರ್ 'ಹಾಂ, ನಾನೂ ಹಾಗೇ ಅಂದ್ಕೊಂಡೆ' ಅನ್ನುತ್ತಾರೆ. ಸಾರ್‌ಗೆ ಶಾರ್ಟ್ ಎಂದರೇನೆಂದು ಗೊತ್ತಿಲ್ಲ. ಅದು ಮೆಕ್ಯಾನಿಕ್‌ಗೂ ಗೊತ್ತು, ಪಕ್ಕದಲ್ಲಿ ವ್ಯಾನಿಟಿ ಬ್ಯಾಗು ಹಿಡಿದು ನಿಂತ ಹೆಂಡತಿಗೂ ಗೊತ್ತು. ಆದರೂ ಆ ತಲೆಯಾಡಿಸುವಿಕೆಗೆ ಒಂದು ಬೆಲೆಯಿದೆ. ನಾವು ತಲೆಯಾಡಿಸಿದರೆ ಅದಕ್ಕೆ ಆ ಬೆಲೆಯಿಲ್ಲ. ನನ್ನ ತಕರಾರು ಇರುವುದು ಇಲ್ಲಿ.

ನಮ್ಮ ಕಡೆಯ ಊರುಗಳಲ್ಲಿ ಈಗ ಹೆಂಗಸರು ಕಾರು ಓಡಿಸುವುದು ಹೊಸತೇನಲ್ಲ. ಶಿವಮೊಗ್ಗದಲ್ಲಿ ಬೆಳಗಿನ ಒಂಬತ್ತು ಗಂಟೆಗೆ ಯಾವುದಾದರೂ ಶಾಲೆಯ ಮುಂದೆ ನಿಂತು ನೋಡಿ, ಸ್ಟಿಯರಿಂಗ್ ಹಿಂದೆ ಎಷ್ಟು ಸೀರೆ, ಎಷ್ಟು ಚೂಡಿದಾರ ಅಂತ. ಡ್ರೈವಿಂಗ್ ಸ್ಕೂಲಿನವರು ನಮಗೆ ಕ್ಲಚ್ಚು ಕಲಿಸಿದರು, ಗೇರು ಕಲಿಸಿದರು, ದಿಬ್ಬದಲ್ಲಿ ಕಾರು ಹಿಂದೆ ಜಾರದಂತೆ ನಿಲ್ಲಿಸುವುದನ್ನೂ ಕಲಿಸಿದರು. ಫ್ಯೂಸು ಎಲ್ಲಿದೆ ಎಂದು ಒಬ್ಬರೂ ತೋರಿಸಲಿಲ್ಲ. ಲೈಸೆನ್ಸ್ ಕೊಡುವಾಗ ಆರ್‌ಟಿಓ ಕಚೇರಿಯವರೂ ಕೇಳಲಿಲ್ಲ. ಗಂಡಸರಿಗೂ ತೋರಿಸಿರಲಿಕ್ಕಿಲ್ಲ. ಆದರೆ ಗೊತ್ತಿಲ್ಲದಿದ್ದರೂ ಗೊತ್ತಿದೆ ಎನ್ನುವ ಹಕ್ಕನ್ನು ಅವರಿಗೆ ಹುಟ್ಟಿನಿಂದಲೇ ಕೊಡಲಾಗಿದೆ. ನಮಗೆ ಕೊಟ್ಟಿರುವುದು, ಗೊತ್ತಾಗುವಂಥದ್ದನ್ನೂ ಗೊತ್ತಾಗುವುದಿಲ್ಲ ಎನ್ನುವ ಸೌಜನ್ಯ.

ಇದರಲ್ಲಿ ನಮ್ಮ ಪಾಲೂ ಇದೆ. 'ನಂಗೆ ಅದೆಲ್ಲ ಗೊತ್ತಾಗಲ್ಲಪ್ಪ, ನಮ್ಮನೆಯವ್ರೇ ನೋಡ್ಕೊಳ್ತಾರೆ' ಎಂದು ಹೇಳುವಾಗ ನಮ್ಮಲ್ಲಿ ಕೆಲವರ ಮುಖದ ಮೇಲೆ ಮೂಡುವ ಬೆಳಕನ್ನು ಕಂಡಾಗ ನನಗೆ ಮೈ ಉರಿಯುತ್ತದೆ. ಸ್ವಾಮಿ, ಇದೇನು ಹೊಸ ಒಡವೆಯೆ, ತೋರಿಸಿಕೊಂಡು ಓಡಾಡಲು? ಬ್ಯಾಟರಿ, ಸ್ವಿಚ್ಚು, ಬಲ್ಬು ಇರುವ ವಿದ್ಯುತ್ ಮಂಡಲದ ಚಿತ್ರವನ್ನು ಹೈಸ್ಕೂಲಿಗೆ ಬರುವ ಮೊದಲೇ ನಮ್ಮ ಹೆಣ್ಣುಮಕ್ಕಳು ಅಳತೆಪಟ್ಟಿ ಹಿಡಿದು ಅಂದವಾಗಿ ಬರೆಯುತ್ತಾರೆ. ಪೂರ್ತಿ ಅಂಕ ತೆಗೆಯುವವರೂ ಅವರೇ. ಪಕ್ಕದ ಬೆಂಚಿನ ಹುಡುಗ ಅದೇ ಚಿತ್ರವನ್ನು ಅಂಕುಡೊಂಕಾಗಿ ಬರೆದು ಅರ್ಧ ಅಂಕ ಪಡೆದಿರುತ್ತಾನೆ. ಇಪ್ಪತ್ತು ವರ್ಷ ಕಳೆದ ಮೇಲೆ ಪೂರ್ತಿ ಅಂಕದವಳು ಅರ್ಧ ಅಂಕದವನ ಕೈಗೆ ಕಾರಿನ ಕೀಲಿಕೈ ಕೊಟ್ಟು 'ಏನಾಗಿದೆ ನೋಡ್ತೀರಾ?' ಅನ್ನುತ್ತಾಳೆ. ನಾನು ಓದಿದ್ದು ಬಿ.ಎ., ಪಾಠ ಹೇಳುವುದು ಕನ್ನಡ ಮತ್ತು ಸಮಾಜ. ಆದರೂ ಈ ಒಳದೀಪ ಮತ್ತು ಸೆಂಟ್ರಲ್ ಲಾಕಿನ ವಿಚಾರ ಆ ಚಿತ್ರಕ್ಕಿಂತ ಎರಡು ಗೆರೆ ಜಾಸ್ತಿ, ಅಷ್ಟೆ ಎಂದು ಹೇಳುವಷ್ಟು ಅದನ್ನು ನೋಡಿದ್ದೇನೆ.

ಮೊದಲು ದೀಪ. ನಿಮ್ಮ ಮನೆಯ ಫ್ರಿಜ್ಜಿನ ಬಾಗಿಲು ತೆರೆಯಿರಿ. ಚೌಕಟ್ಟಿನ ಅಂಚಿನಲ್ಲಿ ಒಂದು ಗುಂಡಿ ಇರುತ್ತದೆ. ಬಾಗಿಲು ಮುಚ್ಚಿದಾಗ ಅದು ಒಳಗೆ ಅದುಮಿಕೊಂಡು ದೀಪ ಆರುತ್ತದೆ, ತೆರೆದಾಗ ಹೊರಗೆ ಚಿಮ್ಮಿ ದೀಪ ಹತ್ತುತ್ತದೆ. ಕಾರಿನಲ್ಲೂ ಇಷ್ಟೇ. ಹಳೆಯ ಕಾರುಗಳಲ್ಲಿ ಬಾಗಿಲ ಚೌಕಟ್ಟಿನಲ್ಲಿ ರಬ್ಬರ್ ಟೋಪಿ ಹಾಕಿಕೊಂಡ ಗುಂಡಿಯೇ ಕಣ್ಣಿಗೆ ಕಾಣುತ್ತದೆ. ಹೊಸ ಕಾರುಗಳಲ್ಲಿ ಅದು ಬಾಗಿಲ ಕೊಂಡಿಯೊಳಗೇ ಅಡಗಿರುತ್ತದೆ. ಚಾವಣಿಯ ದೀಪದ ಪಕ್ಕದಲ್ಲಿ ಮೂರು ನೆಲೆಯ ಒಂದು ಸ್ವಿಚ್ಚು: ಒಂದು ಕಡೆ ತಳ್ಳಿದರೆ ಯಾವಾಗಲೂ ಉರಿ, ಇನ್ನೊಂದು ಕಡೆ ತಳ್ಳಿದರೆ ಯಾವಾಗಲೂ ಆರು, ನಡುವೆ ಬಿಟ್ಟರೆ ಬಾಗಿಲು ಹೇಳಿದಂತೆ ಕೇಳು.

ದೀಪ ಕೆಟ್ಟಿದೆ ಎಂದು ಗ್ಯಾರೇಜಿಗೆ ಬರುವ ಕಾರುಗಳಲ್ಲಿ ಎಷ್ಟೋ ಕಾರುಗಳ ರೋಗ ಈ ಸ್ವಿಚ್ಚೇ. ಕಾರು ತೊಳೆಯುವ ಹುಡುಗ ಒಳಗೆ ಬಟ್ಟೆಯಾಡಿಸುವಾಗ ಅದನ್ನು ತಳ್ಳಿರುತ್ತಾನೆ, ಇಲ್ಲವೆ ಹಿಂದಿನ ಸೀಟಿನ ಮಗ ಆಡಿರುತ್ತಾನೆ. ಬೆರಳಲ್ಲಿ ಹಿಂದಕ್ಕೆ ತಳ್ಳಿದರೆ ಮುಗಿಯಿತು. ಇದಕ್ಕೆ 'ವೈರಿಂಗ್ ಚೆಕಪ್' ಎಂದು 500 ರೂಪಾಯಿ ಕೊಟ್ಟು ಬಂದವರನ್ನು ನಾನು ಬಲ್ಲೆ. ಅದೂ ಸಾರ್ ಹೋಗಿ ಕೊಟ್ಟು ಬಂದದ್ದು.

ಸ್ವಿಚ್ಚನ್ನು 'ಯಾವಾಗಲೂ ಉರಿ' ಕಡೆಗೆ ತಳ್ಳಿ ನೋಡಿ. ಹತ್ತಿತೆ? ಹಾಗಾದರೆ ಬಲ್ಬು ಸರಿಯಿದೆ, ಫ್ಯೂಸು ಸರಿಯಿದೆ, ದೋಷ ಇರುವುದು ಬಾಗಿಲ ಗುಂಡಿಯ ಕಡೆ. ಹತ್ತಲಿಲ್ಲವೆ? ಬಲ್ಬು ನೋಡಿ, ಆಮೇಲೆ ಫ್ಯೂಸು ನೋಡಿ. ಒಂದು ಬೆರಳ ಕೆಲಸದಿಂದ ಅರ್ಧ ಕಾರನ್ನು ಅನುಮಾನದಿಂದ ಬಿಡುಗಡೆ ಮಾಡಿದಿರಿ. ಮುಂದೆ ಸ್ವಿಚ್ಚನ್ನು ನಡುವೆ ತಂದು ಒಂದೊಂದೇ ಬಾಗಿಲು ತೆರೆಯಿರಿ. ಮೂರು ಬಾಗಿಲಿಗೆ ಹತ್ತಿ ಒಂದಕ್ಕೆ ಹತ್ತದಿದ್ದರೆ ಆ ಬಾಗಿಲಿನ ಗುಂಡಿಯೇ ಕಳ್ಳ. ನಮ್ಮ ಮಲೆನಾಡಿನಲ್ಲಿ ಇದು ತೀರಾ ಸಾಮಾನ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿ, ಆಗುಂಬೆ ಕಡೆ ಓಡಾಡಿದ ಕಾರಿನ ಬಾಗಿಲ ಗುಂಡಿ ತುಕ್ಕು ಹಿಡಿಯದೆ ಇನ್ನೇನಾಗಬೇಕು? ಸಾಮಾನ್ಯವಾಗಿ ಒಂದೇ ಸ್ಕ್ರೂ ಇರುತ್ತದೆ. ಬಿಚ್ಚಿ, ಹೊರಗೆಳೆದು, ಮರಳುಕಾಗದದಿಂದ ಲೋಹ ಹೊಳೆಯುವಷ್ಟು ಉಜ್ಜಿ ಮತ್ತೆ ಕೂರಿಸಬೇಕು. ಬಿಚ್ಚಿದ ಕೂಡಲೇ ಅದರ ವೈರಿಗೆ ಬಟ್ಟೆ ಒಣಗಿಸುವ ಒಂದು ಕ್ಲಿಪ್ಪು ಸಿಕ್ಕಿಸಿಬಿಡಿ. ಇಲ್ಲದಿದ್ದರೆ ಅದು ಕಂಬದೊಳಕ್ಕೆ ಜಾರಿಹೋಗಿ, ಹೊರತೆಗೆಯಲು ಅರ್ಧ ದಿನ ಬೇಕಾಗುತ್ತದೆ.

ದೀಪ ಹತ್ತದಿರುವುದಕ್ಕಿಂತ ಆರದಿರುವುದು ಹೆಚ್ಚು ದುಬಾರಿ. ಸಣ್ಣ ಕಾರುಗಳ ಬ್ಯಾಟರಿ ಸಾಮಾನ್ಯವಾಗಿ 35 ಆಂಪಿಯರ್-ಅವರಿನದು. 10 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ ಸುಮಾರು 0.8 ಆಂಪಿಯರ್ ಎಳೆಯುತ್ತದೆ. ಒಂದು ರಾತ್ರಿಗೆ ಹೆದರಬೇಕಿಲ್ಲ. ಶನಿವಾರ ಸಂಜೆ ನಿಲ್ಲಿಸಿದ ಕಾರನ್ನು ಸೋಮವಾರ ಬೆಳಿಗ್ಗೆ ತೆಗೆಯುವ ಹೊತ್ತಿಗೆ 36 ಗಂಟೆ ಆಗಿರುತ್ತದೆ, ಸುಮಾರು 30 ಆಂಪಿಯರ್-ಅವರ್ ಖಾಲಿ. ಕೀಲಿ ತಿರುಗಿಸಿದರೆ ಟಿಕ್ ಟಿಕ್ ಎನ್ನುತ್ತದೆ, ಅಷ್ಟೆ. ಮನೆಯ ಪೋರ್ಟಿಕೋದಲ್ಲಾದರೆ ಹಾಜರಿ ತಪ್ಪುತ್ತದೆ. ಮದುವೆಮನೆಯ ಮೈದಾನದಲ್ಲಿ ರಾತ್ರಿ ಹತ್ತಕ್ಕೆ ಆದರೆ? ಬಾಗಿಲೆಲ್ಲ ಮುಚ್ಚಿದ್ದರೂ ದೀಪ ಉರಿಯುತ್ತಿದ್ದರೆ ಯಾವುದೋ ಬಾಗಿಲು ಅರೆಮುಚ್ಚಿದೆ, ಇಲ್ಲವೆ ಯಾವುದೋ ಗುಂಡಿ ಹೊರಗೇ ಸಿಕ್ಕಿಕೊಂಡಿದೆ ಎಂದರ್ಥ. ಗುಂಡಿ ಕಾಣುವ ಕಾರಾದರೆ ಬೆರಳಿನಿಂದ ಒಂದೊಂದಾಗಿ ಅದುಮುತ್ತ ಬನ್ನಿ. ಕೊಂಡಿಯೊಳಗೆ ಅಡಗಿರುವ ಕಾರಾದರೆ, ಬಾಗಿಲು ತೆರೆದಿಟ್ಟು ಕೊಂಡಿಯನ್ನು ಪೆನ್ನಿನಿಂದ ಮುಚ್ಚಿದ ಸ್ಥಿತಿಗೆ ತಳ್ಳಿ ನೋಡಬಹುದು. ನೋಡಿದ ಮೇಲೆ ಹಿಡಿಕೆ ಎಳೆದು ಕೊಂಡಿ ಬಿಡಿಸಿಯೇ ಬಾಗಿಲು ಹಾಕಬೇಕು, ಇಲ್ಲದಿದ್ದರೆ ಕೊಂಡಿಗೆ ಬಡಿದು ಅದೂ ಹಾಳು. ಅಂದಹಾಗೆ ಹೊಸ ಕಾರುಗಳಲ್ಲಿ ಬಾಗಿಲು ಹಾಕಿದ ಮೇಲೂ ದೀಪ ಕೆಲವು ಕ್ಷಣ ಉರಿದು ನಿಧಾನವಾಗಿ ಆರುತ್ತದೆ. ಅದು ರೋಗವಲ್ಲ, ಉಪಚಾರ.

ಫ್ಯೂಸಿನ ವಿಚಾರ ಎರಡು ಮಾತಿನಲ್ಲಿ ಮುಗಿಯುತ್ತದೆ. ಡ್ರೈವರ್ ಮೊಣಕಾಲಿನ ಬಳಿ, ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಮುಚ್ಚಳ, ಬಾನೆಟ್ಟಿನ ಕೆಳಗೆ ಇನ್ನೊಂದು. ಯಾವುದು ಯಾವುದಕ್ಕೆ ಎಂದು ಮುಚ್ಚಳದ ಒಳಮೈಯಲ್ಲೋ ಕಾರಿನ ಜೊತೆ ಬಂದ ಪುಸ್ತಕದಲ್ಲೋ ಬರೆದಿರುತ್ತದೆ. (ಆ ಪುಸ್ತಕ ಪ್ಲಾಸ್ಟಿಕ್ ಕವರಿನೊಳಗೆ, ವಿಮೆಯ ಕಾಗದ ಮತ್ತು ರಾಘವೇಂದ್ರಸ್ವಾಮಿಗಳ ಫೋಟೋ ಜೊತೆ ಬೆಚ್ಚಗೆ ಮಲಗಿರುತ್ತದೆ. ನಾನು ನೋಡಿದವೆಲ್ಲ ಇಂಗ್ಲಿಷಿನವು. ಕನ್ನಡದಲ್ಲಿ ಕಾರಿನ ಜಾಹೀರಾತು ಕೊಡಲು ಬರುತ್ತದೆ, ಪುಸ್ತಕ ಕೊಡಲು ಬರುವುದಿಲ್ಲವೆ?) ಬಣ್ಣದಲ್ಲೇ ಅಳತೆಯಿದೆ: ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ಒಳಗಿನ ತಂತಿ ತುಂಡಾಗಿದ್ದರೆ ಅದೇ ಬಣ್ಣದ್ದನ್ನು ಹಾಕಬೇಕು. ಮತ್ತೆ ಮತ್ತೆ ಸುಟ್ಟರೆ ಎಲ್ಲೋ ನಿಜವಾಗಿಯೂ ಶಾರ್ಟ್ ಇದೆ, ಅದು ಎಲೆಕ್ಟ್ರಿಷಿಯನ್ನನ ಕೆಲಸ. ದೊಡ್ಡ ಫ್ಯೂಸು ಹಾಕುವುದು, ಸಿಗರೇಟಿನ ಬೆಳ್ಳಿ ಕಾಗದ ಸುತ್ತಿ ಸಿಕ್ಕಿಸುವುದು ಕಾರಿಗೆ ಬೆಂಕಿ ಹಚ್ಚುವ ದಾರಿ. ಈ ಬೆಳ್ಳಿ ಕಾಗದದ ವಿದ್ಯೆಯನ್ನು ಕಂಡುಹಿಡಿದವರು ಹೆಂಗಸರಲ್ಲ ಎಂದು ಮಾತ್ರ ಹೇಳಿ ಮುಂದೆ ಹೋಗುತ್ತೇನೆ. ಇನ್ನು ಹಳದಿ ಬಣ್ಣದ ವೈರು, ಹಳದಿ ಕನೆಕ್ಟರ್ ಕಂಡರೆ ಕೈ ಹಿಂದಕ್ಕೆ. ಅದು ಏರ್‌ಬ್ಯಾಗಿನದು.

ಹಲವು ಕಾರುಗಳಲ್ಲಿ ಒಳದೀಪ, ರೇಡಿಯೋ, ಸೆಂಟ್ರಲ್ ಲಾಕು ಒಂದೇ ಫ್ಯೂಸಿನ ಕೂಡುಕುಟುಂಬದವರು. ಆದ್ದರಿಂದ ಲಾಕು ಸತ್ತ ದಿನ ದೀಪ ನೋಡಿ, ರೇಡಿಯೋದ ಗಡಿಯಾರ ನೋಡಿ. ಮೂರೂ ಒಟ್ಟಿಗೆ ಹೋಗಿದ್ದರೆ ಹತ್ತಿಪ್ಪತ್ತು ರೂಪಾಯಿಯ ಫ್ಯೂಸನ್ನು ಮೊದಲು ಅನುಮಾನಿಸಬೇಕು. ಇನ್ನೊಂದು ಸಂಬಂಧವೂ ಇದೆ. ಬಾಗಿಲು ತೆರೆದಿದೆ ಎಂದು ಗುಂಡಿ ಸುಳ್ಳು ಹೇಳುತ್ತಿದ್ದರೆ ಅನೇಕ ಕಾರುಗಳು ಲಾಕ್ ಆಗುವುದಕ್ಕೇ ಒಪ್ಪುವುದಿಲ್ಲ, ಆದರೂ ತಕ್ಷಣ ಮತ್ತೆ ತೆರೆದುಕೊಳ್ಳುತ್ತವೆ. ಆಗ ಲಾಕಿನ ಮೇಲೆ ಖರ್ಚು ಮಾಡುವುದು ಜ್ವರ ಬಂದವರ ಕನ್ನಡಕ ಬದಲಾಯಿಸಿದ ಹಾಗೆ.

ಲಾಕಿನ ವಿಚಾರದಲ್ಲೇ ಹೆಚ್ಚು ಹಣ ಕೈಬಿಡುವುದು. ನಮ್ಮ ಶಾಲೆಯ ಗಣಿತದ ಮೇಡಂ ಒಬ್ಬರ ಕಾರಿನಲ್ಲಿ ಡ್ರೈವರ್ ಬಾಗಿಲಿನಿಂದ ಲಾಕ್ ಮಾಡಿದರೆ ಒಮ್ಮೆ ಎಲ್ಲ ಬಾಗಿಲೂ ಬೀಳುತ್ತಿದ್ದವು, ಒಮ್ಮೆ ಒಂದೂ ಬೀಳುತ್ತಿರಲಿಲ್ಲ. ಗ್ಯಾರೇಜಿನವನು ನೋಡಿದ ಶಾಸ್ತ್ರ ಮಾಡಿ, 'ಫುಲ್ ಸೆಟ್ ಹೋಗಿದೆ ಮೇಡಂ, ನಾಲ್ಕೂ ಮೋಟರ್ ಹಾಕ್ಬೇಕು, 8,000 ಆಗುತ್ತೆ. ಸಾರ್‌ನ ಕೇಳಿ ಹೇಳಿ' ಅಂದ. ಅವರ ಸಾರ್ ಒಪ್ಪಿಯೂಬಿಟ್ಟಿದ್ದರು. ನಾನು ಅವರಿಗೆ ಹೇಳಿದ್ದು ಇಷ್ಟೆ: ನಾಲ್ಕು ಮಕ್ಕಳಿಗೆ ಒಂದೇ ದಿನ ಒಂದೇ ಹೊತ್ತಿಗೆ ಹೊಟ್ಟೆನೋವು ಬಂದರೆ ನಾಲ್ಕು ಹೊಟ್ಟೆಯನ್ನು ಬದಲಾಯಿಸುತ್ತೀರೋ, ಮಧ್ಯಾಹ್ನ ಏನು ತಿಂದರೆಂದು ಕೇಳುತ್ತೀರೋ? ನಾಲ್ಕೂ ಒಟ್ಟಿಗೆ ಕೆಡುವುದು, ಒಟ್ಟಿಗೆ ಸರಿಹೋಗುವುದು ಎಂದರೆ ದೋಷ ನಾಲ್ಕಕ್ಕೂ ಸೇರಿದ ಜಾಗದಲ್ಲಿದೆ. ಬಾಗಿಲು ಮತ್ತು ಚೌಕಟ್ಟಿನ ನಡುವೆ ಮಡಿಕೆ ಮಡಿಕೆಯಾದ ಒಂದು ರಬ್ಬರ್ ಕೊಳವೆ ಇರುತ್ತದೆ, ಒಳಗೆ ವೈರುಗಳು. ಬಾಗಿಲು ತೆರೆದಾಗಲೆಲ್ಲ ಅವು ಮಡಚಿ ಬಿಚ್ಚಿ ಮಾಡುತ್ತವೆ. ಅತಿ ಹೆಚ್ಚು ಸಲ ತೆರೆಯುವುದು ಡ್ರೈವರ್ ಬಾಗಿಲು, ಉಳಿದ ಬಾಗಿಲುಗಳಿಗೆ ಅಪ್ಪಣೆ ಹೋಗುವುದೂ ಅಲ್ಲಿಂದಲೇ. ವರ್ಷಗಟ್ಟಲೆ ಮಡಚಿದ ವೈರು ಒಳಗೇ ತುಂಡಾಗುತ್ತದೆ, ಮೇಲಿನ ಸಿಪ್ಪೆ ಮಾತ್ರ ಹಾಗೇ ಇರುತ್ತದೆ. ಆ ಮೇಡಂ ಮನೆಗೆ ಹೋಗಿ ಲಾಕ್ ಗುಂಡಿ ಒತ್ತುತ್ತ ಬಾಗಿಲನ್ನು ಮೆಲ್ಲನೆ ಹಿಂದೆ ಮುಂದೆ ಆಡಿಸಿದರು. ಒಂದು ಕೋನದಲ್ಲಿ ನಾಲ್ಕೂ ಟಪ್ಪೆಂದು ಬೀಳುತ್ತವೆ, ಇನ್ನೊಂದರಲ್ಲಿ ಮೌನ. ಬೇರೆ ಎಲೆಕ್ಟ್ರಿಷಿಯನ್ ಬಳಿ ಹೋಗಿ, 'ರಬ್ಬರ್ ಕೊಳವೆಯೊಳಗೆ ವೈರು ಕಟ್ಟಾಗಿದೆ, ಬೆಸುಗೆ ಹಾಕಿ ಕೊಡಿ' ಎಂದರು. ಅವನು ಸಾರ್‌ನ ಕೇಳಲಿಲ್ಲ. 300 ರೂಪಾಯಿ ತೆಗೆದುಕೊಂಡ.

8,000ಕ್ಕೂ 300ಕ್ಕೂ ನಡುವೆ ಇರುವುದು ಮೋಸವೇ ಎಂದು ನೀವು ಕೇಳಬಹುದು. ಯಾವಾಗಲೂ ಅಲ್ಲ. ಒಳ್ಳೆಯ ಮೆಕ್ಯಾನಿಕ್‌ಗಳನ್ನು ನಾನು ಕಂಡಿದ್ದೇನೆ. ಎರಡು ವೈರು ಮತ್ತು ಒಂದು ಬಲ್ಬಿನಿಂದ ಮಾಡಿದ ಟೆಸ್ಟ್ ಲ್ಯಾಂಪು ಹಿಡಿದು, ಕರೆಂಟು ಎಲ್ಲಿಯವರೆಗೆ ಬಂದಿದೆ ಎಂದು ನನಗೆ ತಾಳ್ಮೆಯಿಂದ ತೋರಿಸಿಕೊಟ್ಟವನೊಬ್ಬ ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೆ ಹುಡುಕುವುದಕ್ಕೆ ಸಮಯ ಬೇಕು, ಹುಡುಕಿದ್ದಕ್ಕೆ ಕೂಲಿ ಕೊಡಲು ಗಿರಾಕಿ ಗೊಣಗುತ್ತಾರೆ, ಸಾಮಾನು ಬದಲಾಯಿಸಿದರೆ ಕೇಳದೆ ಕೊಡುತ್ತಾರೆ. ಪ್ರಶ್ನೆ ಕೇಳದ ಗಿರಾಕಿಯ ಕಾರಿನಲ್ಲಿ ಯಾರು ಹುಡುಕುತ್ತಾರೆ? ಪ್ರಶ್ನೆ ಕೇಳದವರು ಯಾರೆಂದು ಅವರಿಗೆ ಸೆರಗು ಕಂಡ ಕೂಡಲೇ ಗೊತ್ತಾಗುತ್ತದೆ. ದೊಡ್ಡ ಸರ್ವಿಸ್ ಸೆಂಟರುಗಳಲ್ಲಿ ಇದನ್ನೇ ನಾಜೂಕಾಗಿ ಮಾಡುತ್ತಾರೆ. ಗಾಜಿನ ಗೋಡೆಯ ಈಚೆ ಎ.ಸಿ., ಸೋಫಾ, ಕಾಫಿ. ಕಾರು ಆಚೆ. ನಮ್ಮ ಸಹಿಗಾಗಿ ಒಂದು ಕಾಗದ.

ಆ ಕಾಗದದ ಮೇಲೆ 'ಲಾಕ್ ಕೆಲಸ ಮಾಡುತ್ತಿಲ್ಲ' ಎಂದು ಬರೆಸಿ ಸಹಿ ಹಾಕಿದರೆ ಅವರ ಇಷ್ಟ. 'ಎಡಗಡೆ ಹಿಂದಿನ ಬಾಗಿಲು ಮಾತ್ರ ಲಾಕ್ ಆಗುತ್ತಿಲ್ಲ, ಮೋಟರಿನ ಸದ್ದೂ ಇಲ್ಲ, ಉಳಿದವು ಸರಿ' ಎಂದು ಬರೆಸಿದರೆ ಅವರ ಕೈ ಕಟ್ಟಿದಂತೆ: ಒಂದೋ ಆ ಬಾಗಿಲಿನ ಮೋಟರು, ಒಂದೋ ಅಲ್ಲಿಗೆ ಹೋಗುವ ವೈರು. ರಿಮೋಟಿಗೆ ಕೇಳದ ಲಾಕು ಡ್ರೈವರ್ ಬಾಗಿಲ ಒಳಗಿನ ಗುಂಡಿಗೆ ಕೇಳಿದರೆ ಕಾರು ಸರಿಯಿದೆ, ರಿಮೋಟಿನ ಬಿಲ್ಲೆ ಸೆಲ್ಲು ಮುಗಿದಿರಬೇಕು. ಮೊದಲು ಹತ್ತು ಹೆಜ್ಜೆಯಿಂದ ಕೇಳುತ್ತಿದ್ದದ್ದು ಈಗ ಹತ್ತಿರ ಹೋದರೆ ಮಾತ್ರ ಕೇಳುತ್ತದೆ ಎಂಬುದು ಅದರ ಮುನ್ಸೂಚನೆ. ಎಲ್ಲ ಮೋಟರುಗಳೂ ನಿತ್ರಾಣವಾಗಿ ಕುಟುಕುತ್ತಿದ್ದರೆ ಬ್ಯಾಟರಿ ಸೋತಿದೆ. ಹೊಸ ಕಾರುಗಳಲ್ಲಿ ಇದನ್ನೆಲ್ಲ ಒಂದು ಸಣ್ಣ ಕಂಪ್ಯೂಟರ್ ಆಳುತ್ತದೆ, ಅದರ ತಪ್ಪನ್ನು ಓದಲು ಯಂತ್ರ ಬೇಕು, ವಾರಂಟಿ ಇರುವಾಗ ನಾವು ಬಿಚ್ಚಲೂಬಾರದು. ನಿಜ. ಆದರೆ ನೋಡುವುದಕ್ಕೆ, ಕೇಳಿಸಿಕೊಳ್ಳುವುದಕ್ಕೆ, ಬರೆಸುವುದಕ್ಕೆ ಯಾವ ವಾರಂಟಿಯೂ ಅಡ್ಡ ಬರುವುದಿಲ್ಲ. ಬದಲಾಯಿಸಿದ ಹಳೆಯ ಸಾಮಾನನ್ನು ಕೈಗೆ ಕೊಡಿ ಎನ್ನುವುದಕ್ಕೂ.

'ಇಷ್ಟು ತಲೆ ಕೆಡಿಸಿಕೊಳ್ಳೋದು ಯಾಕ್ರೀ, ಕೊಟ್ರಾಯ್ತು' ಎನ್ನುವವರಿದ್ದಾರೆ. ಹಣವೊಂದೇ ಆಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. 2025ರ ಮೇ ತಿಂಗಳಲ್ಲಿ ಆಂಧ್ರದ ವಿಜಯನಗರಂ ಜಿಲ್ಲೆಯ ದ್ವಾರಪೂಡಿಯಲ್ಲಿ ಆಡಲು ಹೋದ ನಾಲ್ಕು ಪುಟ್ಟ ಮಕ್ಕಳು ನಿಂತಿದ್ದ ಕಾರಿನೊಳಗೆ ಹತ್ತಿ, ಬಾಗಿಲು ಲಾಕಾಗಿ, ಹೊರಬರಲಾರದೆ ಸತ್ತರು. ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಶಾಖ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಮಕ್ಕಳ ಮೈ ದೊಡ್ಡವರದಕ್ಕಿಂತ ಬೇಗ ಕಾಯುತ್ತದೆ. ಆ ಸುದ್ದಿ ಓದಿದ ವಾರ ನಾನು ಪರಿಚಯದ ಐದಾರು ತಾಯಂದಿರನ್ನು ಕೇಳಿದೆ: ನಿಮ್ಮ ಕಾರಿನ ಹಿಂದಿನ ಬಾಗಿಲು ಒಳಗಿನಿಂದ ತೆರೆಯುತ್ತದೆಯೆ? ಒಬ್ಬರಿಗೂ ಖಚಿತವಾಗಿ ಗೊತ್ತಿರಲಿಲ್ಲ. 'ಒಳಗಿನ ಹಿಡಿಕೆ ಕೆಟ್ಟಿದೆ ಅನ್ಸುತ್ತೆ, ಇವ್ರಿಗೆ ಹೇಳಿದೀನಿ' ಎಂದರು ಒಬ್ಬರು. ಹೋಗಿ ನೋಡಿದರೆ ಹಿಡಿಕೆ ಗಟ್ಟಿಮುಟ್ಟಾಗಿತ್ತು. ಬಾಗಿಲಿನ ಅಂಚಿನಲ್ಲಿ, ಕೊಂಡಿಯ ಹತ್ತಿರ, ಉಗುರಿನಷ್ಟು ದೊಡ್ಡ ಒಂದು ಸನ್ನೆ ಇರುತ್ತದೆ, ಚೈಲ್ಡ್ ಲಾಕ್. ಅದನ್ನು ಯಾರೋ ತಿರುಗಿಸಿದ್ದರು. ಓಡುವ ಕಾರಿನಿಂದ ಮಗು ಬೀಳದಿರಲೆಂದು ಇರುವ ಸಾಧನ ಅದು. ನಿಂತ ಕಾರಿನಲ್ಲಿ ಅದೇ ಮಗುವಿಗೆ ಬಾಗಿಲು ತೆರೆಯಲಾಗದು. ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಕರೆಂಟು ಹೋದರೂ ಸೆಂಟ್ರಲ್ ಲಾಕನ್ನು ಕೈಯಿಂದ ತೆರೆಯುವ ವ್ಯವಸ್ಥೆ ಇರಲೇಬೇಕೆಂಬ ನಿಯಮ ಬಂದಿದೆ. ನಿಯಮ ಬಂದು ಏನಾಯಿತು? ಅದು ನಿಮ್ಮ ಕಾರಿನಲ್ಲಿ ಎಲ್ಲಿದೆ ಎಂದು ನಿಮಗೆ ಯಾರಾದರೂ ತೋರಿಸಿದರೆ? ಹಳೆಯ ಕಾರುಗಳಿಗೆ ಹೊರಗಿನಿಂದ ಹಾಕಿಸಿದ ಲಾಕುಗಳ ಪಾಡನ್ನಂತೂ ಕೇಳುವುದೇ ಬೇಡ.

ಮಕ್ಕಳಿಗೆ ಕಲಿಸುವುದು ಕಷ್ಟವಲ್ಲ. ಕಾರಿನೊಳಗೆ ಸಿಕ್ಕಿಕೊಂಡರೆ ಮುಂದಿನ ಸೀಟಿಗೆ ದಾಟು, ಮುಂದಿನ ಬಾಗಿಲಿಗೆ ಚೈಲ್ಡ್ ಲಾಕ್ ಇರುವುದಿಲ್ಲ. ಲಾಕಿನ ಗುಂಡಿ ಎತ್ತು, ಹಿಡಿಕೆ ಎಳೆ. ಆಗದಿದ್ದರೆ ಸ್ಟಿಯರಿಂಗ್ ನಡುವೆ ಎರಡೂ ಕೈಯಿಂದ ಒತ್ತು, ಕೀಲಿ ಇಲ್ಲದಿದ್ದರೂ ಬಹುತೇಕ ಕಾರುಗಳಲ್ಲಿ ಹಾರ್ನ್ ಕೂಗುತ್ತದೆ. ಯಾರಾದರೂ ಬರುವವರೆಗೆ ಬಿಡಬೇಡ. ನಮ್ಮ ಕಾರಿನಲ್ಲಿ ಹಾರ್ನ್ ಹಾಗೆ ಕೂಗುತ್ತದೆಯೋ ಇಲ್ಲವೋ ಎಂಬುದನ್ನು ಮೊದಲು ನಾವು ನೋಡಿಕೊಂಡಿರಬೇಕು. ಇದಕ್ಕೂ ಸಾರ್ ಬರುವ ಭಾನುವಾರಕ್ಕೆ ಕಾಯುವುದೆ?

ಹೆಂಗಸಿಗೂ ಕಾರಿನ ವೈರಿಗೂ ಏನು ಸಂಬಂಧ ಎನ್ನುವವರಿಗೆ 1888ರ ಆಗಸ್ಟ್ ತಿಂಗಳನ್ನು ನೆನಪಿಸಬೇಕು. ಆಗ ಜರ್ಮನಿಯ ಬೆರ್ತಾ ಬೆಂಜ್ ಗಂಡನಿಗೆ ಹೇಳದೆ ಅವನು ಮಾಡಿದ ಮೂರು ಚಕ್ರದ ಗಾಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ, ಸುಮಾರು ನೂರು ಕಿಲೋಮೀಟರ್ ಹೋದಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಬಿಡಿಸಿದಳು, ಸಿಪ್ಪೆ ಸವೆದ ವೈರಿಗೆ ಕಾಲುಚೀಲದ ಪಟ್ಟಿ ಸುತ್ತಿ ಶಾರ್ಟ್ ಆಗದಂತೆ ಮಾಡಿದಳು. ಲೋಕದಲ್ಲಿ ಕಾರಿನ ಮೊದಲ ದೂರಪ್ರಯಾಣವೇ ಅದು. ದಾರಿಯಲ್ಲಿ ಅವಳಿಗೆ 'ಸಾರ್‌ನ ಕಳಿಸಿ' ಎನ್ನಲು ಆಗ ಒಂದು ಗ್ಯಾರೇಜೂ ಇರಲಿಲ್ಲವಲ್ಲ!

ನನ್ನ ಬೇಡಿಕೆ ದೊಡ್ಡದೇನಲ್ಲ. ಡ್ರೈವಿಂಗ್ ಸ್ಕೂಲಿನವರು ಕಡೆಯ ದಿನ ಅರ್ಧ ಗಂಟೆ ಕಾರು ನಿಲ್ಲಿಸಿ ಫ್ಯೂಸಿನ ಮುಚ್ಚಳ, ಒಳದೀಪದ ಸ್ವಿಚ್ಚು, ಚೈಲ್ಡ್ ಲಾಕು, ಲಾಕನ್ನು ಕೈಯಿಂದ ತೆರೆಯುವ ಬಗೆ ಇಷ್ಟನ್ನು ತೋರಿಸಲಿ. ತೋರಿಸದಿದ್ದರೆ ಫೀಸು ಕೊಡುವ ಮೊದಲು ನಾವೇ ಕೇಳೋಣ. ಮತ್ತೆ, ರಾತ್ರಿ ಬಾಡಿಗೆ ಕಾರು ಹತ್ತುವ ಹೆಣ್ಣುಮಕ್ಕಳಿಗೆ ಒಂದು ಮಾತು. ಹಿಂದಿನ ಬಾಗಿಲು ತೆರೆದಾಗ ಅದರ ಅಂಚಿನಲ್ಲಿರುವ ಆ ಸನ್ನೆಯ ಮೇಲೆ ಒಮ್ಮೆ ಕಣ್ಣು ಹಾಯಿಸಿ. ಚೈಲ್ಡ್ ಲಾಕ್ ಬಿದ್ದಿದ್ದರೆ ತೆಗೆದು ಆಮೇಲೆ ಕುಳಿತುಕೊಳ್ಳಿ, ಬಾಗಿಲು ಹಾಕಿದ ಮೇಲೆ ಒಳಗಿನಿಂದ ಅದನ್ನು ತೆಗೆಯಲಾಗುವುದಿಲ್ಲ. ನಮ್ಮ ಪಕ್ಕದ ಮನೆಯ ಹುಡುಗಿ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾಳೆ, ದಿನಾ ಹೀಗೆ ನೋಡಿಯೇ ಹತ್ತುತ್ತಾಳೆ. ಒಬ್ಬ ಡ್ರೈವರ್ ಕೇಳಿದನಂತೆ, 'ಏನ್ ಮೇಡಂ, ಮೆಕ್ಯಾನಿಕ್ಕಾ ನೀವು?' ಎಂದು. ಇಲ್ಲ, ಪ್ಯಾಸೆಂಜರ್ ಎಂದಳಂತೆ.